ಜಾಕಿ ಮೇಲಿನ ಅಂಬಾಸಿಡರ್

ನಮ್ಮ ಮಾವನೋರು ಓಡಿಸುತ್ತಿದ್ದ ಹಳೇ ಅಂಬಾಸಿಡರ್ ಮೊಳಕಾಲ್ಮುರಿನಿಂದ ಚಳ್ಳಕೆರೆಯ ನಮ್ಮ ಮನೆಗೆ ಬಂದ ಮೇಲೆ, ನಾನು ಜಾಕಿ ಹಿಡಿದ ಭಾನುವಾರವೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ನನ್ನದು ಎಣ್ಣೆ ಅಂಗಡಿ. ಕಾರಿನ ಬಗ್ಗೆ ಗೊತ್ತಿರುವುದೆಲ್ಲ ಮೊಬೈಲಿನ ವಿಡಿಯೋದಿಂದ ಕಲಿತದ್ದು. ವಿಡಿಯೋದಲ್ಲಿ ಎಲ್ಲ ಸಲೀಸು. ನಮ್ಮ ಅಂಗಳದಲ್ಲೇ ಯಾಕೆ ಹೀಗೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

೧. ಬೋರು

ಮೊದಲ ಸಲ ಜಾಕಿಯನ್ನು ಅಂಗಳದ ಮಣ್ಣಿನ ಮೇಲೇ ಇಟ್ಟೆ. ತಿರುಗಿಸಿದೆ, ತಿರುಗಿಸಿದೆ, ಬನಿಯನ್ ಒದ್ದೆಯಾಯಿತು. ಕಾರು ಮಾತ್ರ ಇದ್ದಲ್ಲೇ ಇತ್ತು. ಬಗ್ಗಿ ನೋಡಿದರೆ ಜಾಕಿ ಅರ್ಧ ಮಣ್ಣೊಳಗೆ ಹೋಗಿದೆ! ಕಾರು ಏರುವ ಬದಲು ಜಾಕಿ ಇಳಿಯುತ್ತಿದೆ ಅಂತ ತಲೆಗೆ ಹೊಳೆಯುವಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿದರು. ಹೂತ ಜಾಕಿಯನ್ನು ನೋಡಿ ಕೇಳಿದರು:

"ನೀರು ಬಿತ್ತೇನ್ರಿ?"

೨. ದಿಂಬು

ಆಮೇಲೆ ಜಾಕಿಯಡಿಗೆ ದಪ್ಪ ಹಲಗೆ ಹಾಕುವುದು ಕಲಿತೆ. ಅವತ್ತು ಮೊಳಕಾಲ್ಮುರಿನಿಂದ ಭಾಮೈದ ಬಂದಿದ್ದ. ಅವನಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ಗಾಬರಿಯಾದರೆ ಬರೀ ತೆಲುಗು. ಇಬ್ಬರೂ ಸೇರಿ ಕಾರಿನ ಮುಂಭಾಗ ಎತ್ತಿದೆವು. ಕೆಳಗೆ ನುಸುಳೋಣ ಅಂತ ನಾನು ಅಂಗಾತ ಮಲಗಿದ್ದೇ ತಡ, ಅವ್ವ ಬಂದು ನನ್ನ ಕಾಲು ಹಿಡಿದು ಎಳೆದಳು.

"ಅಷ್ಟು ಭಾರ ಇಷ್ಟೇ ಇಷ್ಟು ಕಬ್ಬಿಣದ ಮೇಲೆ ನಿಂತೈತೆ. ಅದರಡಿ ತಲೆ ಕೊಡ್ತೀಯಾ? ಏಳೋ ಮೇಲೆ!"

ಬೈದು ಅವಳು ಒಳಗೆ ಹೋದಳು. ನಾನು ಗೊಣಗುತ್ತಾ ಎದ್ದು ಅಂಗಿಯ ಮಣ್ಣು ಕೊಡವುತ್ತಿದ್ದೆ. ಕಾರು ಮೆಲ್ಲಗೆ ಹಿಂದಕ್ಕೆ ಜರುಗಿತು. ಜಾಕಿ ಓರೆಯಾಯಿತು.

"ಬಾವಾ, ದಿಂಪು! ದಿಂಪು!" ಭಾಮೈದ ಕಿರುಚಿದ. ತೆಲುಗಿನಲ್ಲಿ ಹಾಗಂದರೆ ಇಳಿಸು ಅಂತ. ಇಳಿಸುವ ಮುಂಚೆಯೇ ಕಾರು ಧಡ್ ಅಂತ ತಾನೇ ಇಳಿಯಿತು. ನನ್ನ ತಲೆ ಇರಬೇಕಾಗಿದ್ದ ಜಾಗ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ, ತೆಲುಗು ಬಾರದ ನಮ್ಮವ್ವ ಒಳಗಿಂದ ಓಡಿ ಬಂದಳು. ಕೈಯಲ್ಲಿ ದಿಂಬು!

"ತಗಳ್ರಪ್ಪ. ಯಾರಿಗೆ ಬೇಕಿತ್ತು, ಇವನಿಗಾ, ಕಾರಿಗಾ?"

೩. ಹಿಂದೆ ಮುಂದೆ

ಕಾರು ಜರುಗಬಾರದೆಂದರೆ ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಡಬೇಕು. ಹೆಂಡತಿಗೆ ಹೇಳಿದೆ: "ಹಿಂದಿನ ಚಕ್ರದ ಮುಂದೊಂದು ಕಲ್ಲಿಡು."

"ಮುಂದಿನ ಚಕ್ರದ ಹಿಂದಾ?"

"ಅಲ್ಲ, ಹಿಂದಿನದರ ಮುಂದೆ."

"ಹಂಗಾದ್ರೆ ಹಿಂದೆ ಬೇಡ್ವಾ?"

"ಹಿಂದಿನದರ ಹಿಂದೇನೂ ಬೇಕು. ಮುಂದಿನದರ ಹಿಂದೆ ಬೇಡ." ಹೇಳುತ್ತಾ ಹೇಳುತ್ತಾ ನನಗೇ ಯಾವುದು ಯಾವುದೆಂದು ತಿಳಿಯದಾಯಿತು.

ಅವಳು ಕಲ್ಲು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. "ಮದುವೆಗೆ ಮುಂಚೆ ನಾನು ಇಷ್ಟು ಹಿಂದೆ ಮುಂದೆ ನೋಡಿದ್ರೆ ಈಗ ಇಲ್ಲಿ ಇರ್ತಾನೇ ಇರ್ಲಿಲ್ಲ ಕಣ್ರಿ."

೪. ಪ್ರಯಾಣ

ಕೊನೆಗೊಂದು ದಿನ ಎಲ್ಲ ಸರಿಯಾಗಿ ಮಾಡಿದೆ. ಗಟ್ಟಿ ಸಿಮೆಂಟ್ ನೆಲ, ನಾಲ್ಕು ಮೂಲೆಗೂ ಕಬ್ಬಿಣದ ಸ್ಟ್ಯಾಂಡ್. ಕಾರನ್ನು ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಚಕ್ರಗಳನ್ನೆಲ್ಲ ಬಿಚ್ಚಿ ಪಂಕ್ಚರ್ ಅಂಗಡಿಗೆ ಕೊಡಲು ಹೊರಟೆ.

ಅವತ್ತು ಅವ್ವನ ಅಣ್ಣ ಊಟಕ್ಕೆ ಬಂದಿದ್ದರು. ವಯಸ್ಸಾದವರು, ಕಣ್ಣೂ ಮಂದ, ಕಿವಿಯೂ ಮಂದ. ಮಗಳು ಪರಶುರಾಂಪುರದಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ, ಅಲ್ಲಿಗೆ ಕಾರಲ್ಲಿ ಬಿಡು ಅಂದರು. "ಆಗಲಿ ಮಾವ, ಚಕ್ರ ಹಾಕಿದ ಮೇಲೆ" ಅಂದೆ. ಅವರಿಗೆ "ಆಗಲಿ" ಅಷ್ಟೇ ಕೇಳಿಸಿದೆ.

ಚಕ್ರ ಕೊಟ್ಟು ವಾಪಸ್ ಬಂದವನು ಇಂಜಿನ್ ಹೇಗಿದೆ ನೋಡೋಣ ಅಂತ ಡ್ರೈವರ್ ಸೀಟಿಗೆ ಹತ್ತಿ ಸ್ಟಾರ್ಟ್ ಮಾಡಿದೆ. ಗುರ್ ಅಂತ ಚೆನ್ನಾಗೇ ಓಡಿತು. ಅದರ ಜೊತೆಗೆ ಇನ್ನೊಂದು ಗುರ್ ಕೇಳಿಸಿತು. ಇದೆಲ್ಲಿಯ ಸದ್ದಪ್ಪಾ ಅಂತ ಕನ್ನಡಿ ನೋಡಿದರೆ ಹಿಂದಿನ ಸೀಟಿನಲ್ಲಿ ಬಿಳಿ ರುಮಾಲು! ಮಾವ ಚೀಲ ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಸ್ಟ್ಯಾಂಡಿನ ಮೇಲಿನ ಕಾರು! ಇಂಜಿನ್ ಆರಿಸಿ, ಇಳಿದು, ಅವರ ಬಾಗಿಲು ತೆಗೆದೆ.

ಮಾವನಿಗೆ ಎಚ್ಚರವಾಯಿತು. ನನ್ನ ಭುಜ ಹಿಡಿದು ಮೆಲ್ಲಗೆ ಇಳಿದರು. "ರಸ್ತೆ ಬಾಳ ಚೆನ್ನಾಗಿ ಮಾಡವ್ರೆ ಕಣಪ್ಪ, ಒಂದು ಗುಂಡಿನೂ ಸಿಗಲಿಲ್ಲ" ಅಂದರು. ಅವರು ಕನ್ನಡಕ ಸರಿಮಾಡಿಕೊಂಡು ಮನೆಯನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ, ನನ್ನ ಮಗಳೂ ಥೇಟ್ ನಿಮ್ಮನೆ ಥರಾನೇ ಕಟ್ಸವ್ಳೆ!"

ಸದ್ದು ಕೇಳಿ ನಮ್ಮವ್ವ ಬಾಗಿಲಿಗೆ ಬಂದಳು. ಮಾವ ಅವಳನ್ನು ನೋಡಿ ಹೌಹಾರಿದರು.

"ಏನವ್ವ ತಂಗೀ, ನಮಗಿಂತ ಮುಂಚೇನೇ ಬಂದ್ಬಿಟ್ಟಿದೀಯಾ! ಯಾವ ಬಸ್ಸಿಗೆ ಬಂದೆ?"