ಮಗ್ಗದ ಕುಣಿಯಲ್ಲಿ ಬಿಡಾರ ಹೂಡಿದ ರಾಣಿಯರಿಗೆ

ಬೆಟಗೇರಿ, ೧೯೮೩

ಮಾನ್ಯರೇ, ಕೆಂಪಿರುವೆಗಳ ರಾಣಿಯರೇ,

ಒಂದೇ ಗೂಡಿನಲ್ಲಿ ಹತ್ತಾರು ರಾಣಿಯರಿದ್ದೂ ಸವತಿ ಜಗಳವಿಲ್ಲದೆ ಬಾಳುತ್ತಿರುವ ತಮ್ಮೆಲ್ಲರ ಪಾದಗಳಿಗೆ, ತಲಾ ಆರರಂತೆ, ನಮಸ್ಕಾರಗಳು.

'ಇರುವೆ' ಎಂದು ಹೆಸರಿಟ್ಟುಕೊಂಡು ಬಂದವರನ್ನು ಯಾವಾಗ ಹೋಗುವಿರೆಂದು ಕೇಳುವುದು ಅಸಭ್ಯತೆ, ಬಲ್ಲೆ. ಆದರೆ ತಾವು ಇಳಿದುಕೊಂಡದ್ದು ನನ್ನ ಪಕ್ಕದ ಮನೆಯ ನೇಕಾರ ಮುರ್ತುಜಾ ಕಾಲಿಳಿಬಿಟ್ಟು ತುಳಿಯುವ ಮಗ್ಗದ ಕುಣಿಯಲ್ಲಿ. ಅವನ ತಂಗಿ ಅಲ್ಮಾಸಬಿಯ ಮದುವೆಯ ಸೀರೆ ಮಗ್ಗದ ಮೇಲಿದೆ, ಮದುವೆ ಗುರುವಾರ. ತಮ್ಮ ಪ್ರಜೆಗಳ ಪ್ರೀತಿಯಿಂದ ಅವನ ಬಲಗಾಲು ಬದನೆಕಾಯಿಯಾಗಿದೆ. ಸೀಮೆಎಣ್ಣೆ ಸುರಿದೆವು. ತಾವು ಮೊಟ್ಟೆಮರಿ ಹೊತ್ತು, ಒಂದು ಗೂಡನ್ನು ಮೂರಾಗಿಸಿಕೊಂಡಿರಿ. ವಕೀಲರಿಲ್ಲದೆ ಪಾಲಾದ ಮನೆತನವನ್ನು ಕಂಡದ್ದು ಇದೇ ಮೊದಲು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಇವು ಪರ ಊರಿನವು, ನೂಲಿನ ವ್ಯಾಪಾರಿ ಗವಿಸಿದ್ದಪ್ಪನ ಮೂಟೆಯಲ್ಲಿ ಬಂದಿವೆ ಎಂದು ಓಣಿಗೆಲ್ಲ ಉಪನ್ಯಾಸ ಕೊಟ್ಟೆ. "ಹಂಗಾರ ಪರೀಕ್ಷಾ ಮಾಡಿ ತೋರಸ್ರಿ ಸರ" ಎಂದ ಗವಿಸಿದ್ದಪ್ಪ. ಕುಣಿಯ ಇರುವೆಗಳನ್ನೂ ಅವನ ಅಂಗಡಿಯ ಇರುವೆಗಳನ್ನೂ ಒಂದೇ ಸೀಸೆಗೆ ಬಿಟ್ಟೆ. ಒಂದೇ ಕುಲದವಾದರೆ ಕಾದಾಡವು; ಇವು ಕಾಲು ಕಿತ್ತುಹೋಗುವಂತೆ ಕಾದಾಡಿದವು. ಆಮೇಲೆ, ಸುಮ್ಮನೆ ಹೋಲಿಕೆಗೆಂದು, ನಡುಗೋಡೆಯ ಮೇಲಿನ ನನ್ನ ಮಲ್ಲಿಗೆ ಕುಂಡದ ಇರುವೆಗಳನ್ನು ಬಿಟ್ಟೆ. ಮುಂಡರಗಿಯ ಅತ್ತೆಮನೆಯಿಂದ ಬೇರುಮಣ್ಣಿನ ಸಮೇತ ನಾನೇ ತಂದ ಕುಂಡ ಅದು. ಅವು ಕುಣಿಯವರೊಂದಿಗೆ ಮೀಸೆಗೆ ಮೀಸೆ ತಾಗಿಸಿ ಕುಶಲ ಕೇಳಿದವು. ಕೆಲವೇ ತಾಯಂದಿರ ಸಂತಾನ, ಎಲ್ಲರದೂ ಒಂದೇ ವಾಸನೆ. ತಮ್ಮೊಳಗೆ ಯುದ್ಧವಿಲ್ಲದವರಿಗೆ ಊರು ತುಂಬಲು ಬೇಕಾದಷ್ಟು ಬಿಡುವು.

ಗವಿಸಿದ್ದಪ್ಪ ಸೀಸೆ ತೊಳೆದು ಕೊಟ್ಟ. ಮುರ್ತುಜಾನ ತಾಯಿ ಮೋತಿಬಿ ಮಾತ್ರ, "ಮಲ್ಲಿಗಿ ಹೂ ಛಲೋ ಇದ್ದುವ್ರಿ ಸರ. ಸಂಗಾಟ ನಿಮ್ಮ ಬೀಗರ ಮಂದಿನೂ ಬಂದಾರಂತ ಮೊದಲ ಹೇಳಬೇಕಿತ್ತು" ಎಂದರು.

ಪ್ರಾಯಶ್ಚಿತ್ತಕ್ಕೆಂದು ಮುರ್ತುಜಾನಿಗೆ ನನ್ನ ಎನ್‌ಸಿಸಿ ಬೂಟುಗಳನ್ನು ಕೊಟ್ಟೆ. ಬೂಟಿನೊಳಗಿನ ಕಾಲಿಗೆ ಮಗ್ಗದ ಕಾಲುಹಲಗೆಗಳಲ್ಲಿ ಯಾವುದು ಯಾವುದೆಂಬ ಗುರುತು ಹತ್ತದೆ ಸೀರೆಯ ಅಂಚಿನಲ್ಲಿ ಒಂದೆಳೆ ದಾರಿ ತಪ್ಪಿತು. ಮುರ್ತುಜಾ ಬಿಚ್ಚಹೋದರೆ ಅಲ್ಮಾಸಬಿ ತಡೆದಳು: "ಇರ್ಲಿ ಬಿಡಣ್ಣಾ, ಅದು ಸರ್ ಕೊಟ್ಟ ಮದುವಿ ಆಯೇರ."

ಸೀರೆ ಇನ್ನೊಂದು ಗೇಣು ಬಾಕಿ. ಅಲ್ಲಿಯವರೆಗೆ ತಮ್ಮ ಸೈನ್ಯವನ್ನು ಬೆಳಗಿನಿಂದ ಸಂಜೆಯವರೆಗೆ ನನ್ನ ಮನೆಗೆ ದಯಮಾಡಿಸಬೇಕು. ಹೊಸ್ತಿಲಲ್ಲಿ ಸಕ್ಕರೆ ಇಟ್ಟಿದ್ದೇನೆ. ಆಗದಿದ್ದರೆ ದಾಯಾದಿ ಜಗಳವನ್ನಾದರೂ ಕಲಿಯಿರಿ. ಕಲಿಸಲು ನನ್ನ ಅಣ್ಣಂದಿರಿಬ್ಬರು ಸಿದ್ಧರಿದ್ದಾರೆ.

ತಮ್ಮ ವಿಶ್ವಾಸಿ, ಹಾಗೂ ಅರಿಯದೆ ತಮ್ಮ ವಾಹನ,
ಮೈಲಾರಲಿಂಗಪ್ಪ

ವಿ.ಸೂ.: ಇದೇ ಮಲ್ಲಿಗೆಯ ಸಸಿಗಳನ್ನು, ಬೇರುಮಣ್ಣು ಉದುರದಂತೆ ಕಟ್ಟಿ, ಲಕ್ಷ್ಮೇಶ್ವರದ ಗೆಳೆಯನಿಗೂ ಶಿರಹಟ್ಟಿಯ ಷಡ್ಡಕನಿಗೂ ಹೋದ ತಿಂಗಳೇ ಕೊಟ್ಟಿದ್ದೇನೆ. ಇಬ್ಬರಿಂದಲೂ ಧನ್ಯವಾದದ ಪತ್ರ ಬಂದಿದೆ. ಎರಡನೆಯ ಪತ್ರ ಇನ್ನೂ ಬಂದಿಲ್ಲ.