ಪುಟ್ಟಮ್ಮನ ಅರ್ಧಗೋಲದ ಹಿಡಿಸರಳು

ಕಬ್ಬಿಣದ ವಿಷಯದಲ್ಲಿ ನನಗೆ ಬುದ್ಧಿ ಹೇಳುವಂಥವರು ಸುಂಟಿಕೊಪ್ಪದಿಂದ ಈಚೆಗೆ ಯಾರೂ ಇರಲಿಲ್ಲ. ಆಚೆಗೆ ಇದ್ದರೇನೋ, ನಾನು ಕೇಳಲು ಹೋಗಲಿಲ್ಲ. ಇಪ್ಪತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. ಎಸ್ಟೇಟಿನ ಬಿಳಿ ದೊರೆ ತನ್ನ ಸೀಮೆಗೆ ಹೊರಟಾಗ ಕಬ್ಬಿಣ ಕಡೆಯುವ, ಕಾಲಲ್ಲಿ ತುಳಿದು ನಡೆಸುವ ಹಳೆಯ ಲೇತನ್ನು ನನಗೇ ಕೊಟ್ಟುಹೋದ. ಹಸುವನ್ನು ಹೊರಗೆ ಕಟ್ಟಿ, ಲೇತನ್ನು ಕೊಟ್ಟಿಗೆಯೊಳಗೆ ಪ್ರತಿಷ್ಠಾಪಿಸಿದೆ.

“ಹಸು ಹಾಲು ಕೊಡ್ತದೆ. ಇದೆಂತ ಕೊಡ್ತದೆ?” ಎಂದಳು ನನ್ನ ಹೆಂಡತಿ ಪುಟ್ಟಮ್ಮ.

“ಕಾಲ ಬಂದಾಗ ನೋಡು!” ಎಂದೆ.

ಕಾಲ ಬಂತು. ಆ ವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಪುಟ್ಟಮ್ಮನ ಎಡಗಾಲು ಸೋತಿತು. ಅಡುಗೆಮನೆಯಿಂದ ಬಚ್ಚಲಿಗೆ ಆರೇ ಹೆಜ್ಜೆ. ಅದಕ್ಕೂ ನಾನು ಹಿಡಿದುಕೊಂಡು ಹೋಗಬೇಕು. ಅದು ಅವಳಿಗೆ ಸಾಯುವಷ್ಟು ನಾಚಿಕೆ.

“ಸ್ನಾನಕ್ಕಾದ್ರೂ ನಾನೊಬ್ಬಳೇ ಹೋಗ್ಬೇಕು ಮಾರಾಯ್ರೆ. ಗೋಡೆಗೆ ಹಿಡ್ಕೊಳ್ಳಿಕ್ಕೆ ಎಂತಾದ್ರೂ ಕಟ್ಟಿಕೊಡಿ, ಸಾಕು.”

ಪಕ್ಕದ ಮನೆಯ ಬಡಗಿ ಕುಟ್ಟನ್ ಆಚಾರಿ ಅಲ್ಲೇ ನಿಂತಿದ್ದ. “ಬಿದಿರು ಉಂಟಲ್ಲಾ ಮೇಸ್ತ್ರಿ. ಅರ್ಧ ಗಂಟೆ ಕೆಲಸ,” ಎಂದ.

ಬಿದಿರು! ಫಿಟ್ಟರನ ಮನೆಯಲ್ಲಿ! ದೊರೆಯ ಬಂಗಲೆಯ ಮೆಟ್ಟಿಲ ಪಕ್ಕ ಉಕ್ಕಿನ ಹಿಡಿಸರಳಿತ್ತು. ಗೋಡೆಯ ಕಡೆ ಚಪ್ಪಟೆ, ಅಂಗೈ ಕಡೆ ದುಂಡು. ಅಂಥ ಅರ್ಧಗೋಲದ ಸರಳೇ ನನ್ನ ಹೆಂಡತಿಗೂ ಆಗತಕ್ಕದ್ದೆಂದು ತೀರ್ಮಾನಿಸಿ, ಒಂದು ವಾರದ ವಾಯಿದೆಯನ್ನೂ ಘೋಷಿಸಿದೆ.

ನನ್ನ ಹತ್ತಿರ ಪಲ್ಪರಿನ ಹಳೆಯ ದುಂಡು ಉಕ್ಕಿನ ಶಾಫ್ಟ್ ಇತ್ತು. ಹೆಬ್ಬೆರಳು ದಪ್ಪ, ನಾಲ್ಕು ಮೊಳ ಉದ್ದ. ಉದ್ದಕ್ಕೆ ಸೀಳಿದರೆ ಎರಡು ಅರ್ಧಗೋಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೇತು ಎರಡೇ ಮೊಳ! ಆ ಲೇತಿನ ಮೇಲೆ ನಾನು ಚಹಾದ ಲೋಟ ಇಟ್ಟುಕೊಂಡು, ಕೈಗರಗಸದಲ್ಲಿ ಸೀಳಲು ಕುಳಿತೆ.

ಒಂದು ಗೇಣು ಇಳಿಯುವುದರಲ್ಲಿ ನಾಲ್ಕು ಬ್ಲೇಡು ಮುರಿದವು. ವಾರ ಹೋಯಿತು, ತಿಂಗಳೂ ಹೋಯಿತು. ದಿನಾ ಬೆಳಿಗ್ಗೆ ಪುಟ್ಟಮ್ಮ ನನ್ನ ಕೈ ಹಿಡಿದು ಬಚ್ಚಲಿಗೆ ಹೋಗುತ್ತಾ ಕೇಳುತ್ತಿದ್ದಳು, “ಇವತ್ತು ಆಗ್ತದಾ?”

“ಇವತ್ತಲ್ಲ, ನಾಳೆ.”

“ನಿಮ್ಮ ಕೈಯೆಲ್ಲ ಎಣ್ಣೆ. ಹಿಡ್ದ್ರೆ ಜಾರ್ತದೆ.”

ಅಂತೂ ಸೀಳಿದೆ. ಸೀಳಿದ್ದೇ ತಡ, ಎರಡು ತುಂಡೂ ಜಗಳವಾಡಿದ ಗಂಡಹೆಂಡಿರಂತೆ ಆಚೆಗೊಂದು ಈಚೆಗೊಂದು ಬಾಗಿ ನಿಂತವು. ಒತ್ತಿ ಜೋಡಿಸಿ ನೋಡಿದರೆ ದುಂಡಗೂ ಆಗಲಿಲ್ಲ.

“ನಡುವಿಂದು ಗರಗಸ ತಿಂತು ಮೇಸ್ತ್ರಿ,” ಎಂದ ಆಚಾರಿ. “ಸೀಳಿದ ಮೇಲೆ ಎರಡು ಅರ್ಧ ಸೇರಿ ಒಂದಾಗೋದಿಲ್ಲ. ಮರ ಕೊಯ್ಯೋರಿಗೆಲ್ಲ ಗೊತ್ತು.”

ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು ಎಂದೆ.

ಬಾಗಿದ್ದನ್ನು ನೆಟ್ಟಗೆ ಮಾಡಲು ಬೆಂಕಿ ಬೇಕು. ಮನೆಯಲ್ಲಿ ಸದಾ ಬೆಂಕಿ ಇರುವುದು ಬಚ್ಚಲ ಹಂಡೆಯ ಒಲೆಯಲ್ಲಿ. ಒಂದು ತುಂಡನ್ನು ಅಲ್ಲೇ ಕೆಂಪಗೆ ಕಾಯಿಸಿ, ಬಡಿದು, ಆರಿಸಲು ಪಕ್ಕದಲ್ಲೇ ಇದ್ದ ಹಂಡೆಗೆ ಅದ್ದಿದೆ. ಚೊಂಯ್ ಎಂದಿತು! ನೀರಿನ ತುಂಬ ಕಪ್ಪು ಹೊಪ್ಪಳೆ.

ಪುಟ್ಟಮ್ಮ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಂಗೆ ಸ್ನಾನ ಮಾಡಿಸ್ತೇನೆ ಅಂತ ಹೊರಟು ಸ್ನಾನದ ನೀರನ್ನೇ ತೆಗೆದ್ರಲ್ಲ! ಗಣಪತಿ ಮಾಡ್ಲಿಕ್ಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ.” ಅವಳು ಹಾಗೆ ನಕ್ಕಿದ್ದು ಅದೇ ಕಡೆಯ ಸಲ. ಆಗ ನನಗೆ ಸಿಟ್ಟು ಬಂದಿತ್ತು.

ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಗಡುಸಾಗುತ್ತದೆ. ಇಪ್ಪತ್ತು ವರ್ಷದ ಫಿಟ್ಟರಿಗೆ ಇದು ನೆನಪಾದದ್ದು ತೂತು ಕೊರೆಯಲು ಕುಳಿತಾಗ. ಬೈರಿಗೆ ಮೊಂಡಾಯಿತೇ ಹೊರತು ಸರಳಿಗೆ ಗೀರೂ ಬೀಳಲಿಲ್ಲ. ಮತ್ತೆ ಕಾಯಿಸಿ, ಬೂದಿಯಲ್ಲಿ ಹೂತು ಮೆದು ಮಾಡಿ, ಮತ್ತೆ ನೆಟ್ಟಗೆ ಮಾಡಿ, ತೂತು ಕೊರೆದು, ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡುವಾಗ ಹೂಮಳೆ ಬಿದ್ದು, ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿತ್ತು. ಪುಟ್ಟಮ್ಮ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. “ಇವತ್ತು ಆಗ್ತದಾ” ಎಂದು ಕೇಳುವುದನ್ನು ಬಿಟ್ಟಿದ್ದಳು.

ಅವಳ ಕೈಯೆತ್ತರ ಅಳೆದು ಆಚಾರಿಯೂ ನಾನೂ ಸರಳನ್ನು ಗೋಡೆಗೆ ಕೂರಿಸಿದೆವು. ಅವಳನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ಗುಬ್ಬಿಯಷ್ಟು ಹಗುರವಾಗಿದ್ದಳು. ಅಂಗೈಯನ್ನು ಅದರ ಮೇಲೆ ಮೆಲ್ಲಗೆ ಆಡಿಸಿದಳು.

“ನುಣ್ಣಗೆ ಉಂಟು. ಬಿದಿರಾಗಿದ್ರೆ ಇಷ್ಟು ನುಣ್ಣಗಿರ್ತಿರಲಿಲ್ಲ,” ಎಂದಳು. ನನ್ನ ಮನಸ್ಸು ನೋಯಬಾರದೆಂದು ಹೇಳಿದ ಮಾತು ಅದು. ನನಗೆ ಗೊತ್ತಾಯಿತು, ಗೊತ್ತಾದದ್ದು ಅವಳಿಗೂ ಗೊತ್ತಿತ್ತು.

ಐದನೆಯ ದಿನ ತೀರಿಕೊಂಡಳು. ಆ ಆರು ಹೆಜ್ಜೆಯನ್ನು ಅವಳೊಬ್ಬಳೇ ಒಂದು ಸಲವೂ ನಡೆಯಲಿಲ್ಲ.

ಸರಳು ಇಂದಿಗೂ ಅಲ್ಲೇ ಇದೆ. ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಸವರುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಮೊಣಕಾಲೂ ಸೋತಿತು. ಹಿಡಿಯಲು ಹೋದರೆ ಅದು ಪುಟ್ಟಮ್ಮನ ಎತ್ತರ, ನನಗೆ ಒಂದು ಗೇಣು ತಗ್ಗು. ಬಿಚ್ಚಿ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಇನ್ನೊಂದು ಉಕ್ಕಿನ ಸರಳು ಮಾಡಲು ಧೈರ್ಯವೂ ಬರಲಿಲ್ಲ.

ಆಚಾರಿಯನ್ನು ಕರೆದು ಅದರ ಮೇಲೊಂದು ಬಿದಿರು ಕಟ್ಟಿಸಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.