ಅಂದಾನೆಪ್ಪನ ಮೌನಪ್ರತಿಜ್ಞೆ

ಯಾವ ಯುಗದಲ್ಲಿ ಶಿಷ್ಯರು ಗುರುವನ್ನು ಅರಸುತ್ತ ಕಾಡುಮೇಡು ಅಲೆಯುವುದು ನಿಂತು, ವಿಶ್ವವಿದ್ಯಾಲಯಗಳೇ ಶಿಷ್ಯರ ಮೊಬೈಲಿಗೆ ಸಂದೇಶಗಳ ಮಳೆಗರೆಯತೊಡಗಿದವೋ, ಯಾವ ಯುಗದಲ್ಲಿ ಒಂದು ಸೀಟೂ ಸಿಗದೆ ಅಳುವವರ ಪಕ್ಕದ ಮನೆಯಲ್ಲೇ ಮೂರು ಸೀಟು ಸಿಕ್ಕು ಅಳುವವರೂ ಹುಟ್ಟಿಕೊಂಡರೋ, ಆ ವಿಚಿತ್ರ ಯುಗದ ಆಷಾಢಮಾಸದ ಒಂದು ಭಾನುವಾರದ ಮಹಾಸಮರವನ್ನು ಈಗ ಹಾಡಬೇಕಾಗಿದೆ. ಎಲೈ ವಾಗ್ದೇವಿಯೇ, ದಿನವಿಡೀ ದುಡಿದು ಸೊಂಟ ಹಿಡಿದುಕೊಂಡಿರುವ ತಂದೆತಾಯಂದಿರ ನಾಲಗೆಯ ಮೇಲೆ ಅರೆಗಳಿಗೆ ಕುಳಿತುಕೋ. ಆಮೇಲೆ ಬೇಕಾದರೆ ಎದ್ದು ಹೋಗು. ಅವರಿಗೂ ನಾಳೆ ಅಂಗಡಿ ತೆರೆಯುವುದಿದೆ.

ಗದುಗಿನ ಪೇಟೆಯಲ್ಲಿ ಸ್ಟೀಲು ಪಾತ್ರೆಗಳ ಥಳಥಳಿಸುವ ಕೋಟೆಯೊಂದನ್ನು ಆಳುತ್ತಿದ್ದ, ಕೊಡ-ಕೊಪ್ಪರಿಗೆ-ಕಡಾಯಿ-ಕುಕ್ಕರ್-ಕುಲದೀಪಕನೂ, ಚೌಕಾಸಿಚತುರ-ಗಿರಾಕಿ-ಗರ್ವಭಂಜನನೂ, ಮದುವೆಸೀಸನ್-ಮಹಾರಣಧೀರನೂ, ತಾಟಿನಂಚಿನಲ್ಲಿ ಹೆಸರು ಕೆತ್ತುವ ಕಲೆಯಲ್ಲಿ ಅದ್ವಿತೀಯನೂ ಆದ ಅಂದಾನೆಪ್ಪನೇ ಈ ಕಥೆಯ ನಾಯಕ. ಅವನಿಗೆ ಒಬ್ಬಳೇ ಮಗಳು, ಮುಕ್ತಾ. ಬಿಎಸ್ಸಿ ಮುಗಿಸಿದ ಆ ಗಣಿತಗರ್ಭಸಂಭೂತೆಗೆ ಸಂಖ್ಯಾಶಾಸ್ತ್ರದ ಎಂಎಸ್ಸಿಗಾಗಿ ಧಾರವಾಡ, ಪುಣೆ, ದಿಲ್ಲಿ ಎಂಬ ಮೂರು ಮಹಾನಗರಗಳ ಮೂರು ಮಹಾವಿಶ್ವವಿದ್ಯಾಲಯಗಳು ಏಕಕಾಲಕ್ಕೆ ವರಮಾಲೆ ಹಿಡಿದು ನಿಂತಿದ್ದವು. ಮೂರೂ ಒಂದಕ್ಕಿಂತ ಒಂದು ಗಟ್ಟಿ. ಪುಣೆ, ದಿಲ್ಲಿಗಳು ಅಂದು ಸಂಜೆ ಆರರೊಳಗೆ ಹೌದೆನ್ನಬೇಕೆಂದು ಗಡುವು ಕೊಟ್ಟಿದ್ದವು. ಧಾರವಾಡಕ್ಕೆ ಮಾತ್ರ ಅವಸರವಿರಲಿಲ್ಲ. ಮುಂದಿನ ವಾರ ಹೇಳಿದರೂ ನಡೆಯುತ್ತಿತ್ತು.

ಬೆಳಿಗ್ಗೆ ಗಿರಮಿಟ್ಟಿನ ತಾಟಿನ ಮುಂದೆ ಮಗಳು ತಂದೆಗೆ ಒಂದು ವರ ಬೇಡಿದಳು.

"ಅಪ್ಪಾ, ಇವತ್ತ ನೀ ಏನೂ ಅನಬ್ಯಾಡ. ನೀ ಒಂದ ಮಾತ ಅಂದ್ರ ನಾ ಅದನ್ನ ಮಾಡಿಬಿಡ್ತೀನಿ. ಸೈನ್ಸ್ ತಗೋ ಅಂದಿ, ತಗೊಂಡೆ. ಸ್ಕೂಟಿ ಸ್ಟೀಲ್ ಬಣ್ಣದ್ದ ಇರ್ಲಿ ಅಂದಿ, ಅದನ್ನೂ ತಗೊಂಡೆ. ಊರಾಗಿನ ಹುಡುಗ್ಯಾರೆಲ್ಲ ಕೆಂಪು ಗಾಡಿ ಮ್ಯಾಲೆ ಅಡ್ಡಾಡ್ತಾರ, ನಾ ಪಾತೇಲಿ ಮ್ಯಾಲೆ ಕುಂತಂಗ ಕಾಣ್ತೀನಿ. ಇದೊಂದ ನನ್ನ ತಲಿಯಿಂದ ಆಗ್ಲಿ."

ಅಂದಾನೆಪ್ಪನ ಎದೆಯೊಳಗೆ ಆಗ ಏನಿತ್ತೆಂಬುದನ್ನು ಲೋಕ ತಿಳಿಯಬೇಕು. ಅಲ್ಲಿ ಧಾರವಾಡವಿತ್ತು. ಬರೀ ಧಾರವಾಡವಲ್ಲ, ಶನಿವಾರ ಸಂಜೆ ಧಾರವಾಡದಿಂದ ಬರುವ ಬಸ್ಸಿತ್ತು, ಆ ಬಸ್ಸಿನಿಂದ ಮಾಸಿದ ಬಟ್ಟೆಗಳ ಚೀಲ ಹೊತ್ತು ಇಳಿಯುವ ಮಗಳಿದ್ದಳು, "ಅಪ್ಪಾ, ಹಸಿವ್ಯಾಗೇತಿ" ಎಂಬ ಕೂಗಿತ್ತು. ತನ್ನ ನಾಲಗೆಯನ್ನು ಅವನು ಬಲ್ಲ. ಚಟ್ನಿ ಬೇಡಲು ಬಾಯಿ ತೆರೆದರೂ ಮಾತು ಧಾರವಾಡಕ್ಕೇ ಹೋಗಿ ನಿಲ್ಲುವ ಸ್ಥಿತಿ. ಆದ್ದರಿಂದ ಆ ಧೀರೋದಾತ್ತನು ದಿಕ್ಪಾಲಕರನ್ನೂ ಗೋಡೆಯ ಕ್ಯಾಲೆಂಡರನ್ನೂ ಸಾಕ್ಷಿಯಾಗಿಟ್ಟುಕೊಂಡು ಮನಸ್ಸಿನಲ್ಲೇ ಘೋರಪ್ರತಿಜ್ಞೆ ಗೈದನು: ಸಂಜೆ ಆರು ಹೊಡೆಯುವ ತನಕ ಸೀಟಿನ ಮಾತಿರಲಿ, ಯಾವ ಮಾತನ್ನೂ ಆಡೆನು! ನೀರು ಬೇಕಾದರೆ ಲೋಟ ತೋರಿಸುವೆನು!

ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಮಾಳಿಗೆಯ ಕೋಣೆ ಸೇರಿದಳು. ಕೆಳಗೆ ಊಟವಾಗುತ್ತಲೇ ಸಮರ ಆರಂಭವಾಯಿತು.

ಮೊದಲು ಎದ್ದವನು ಅಂದಾನೆಪ್ಪನ ತಮ್ಮ, ವಿಮಾ ಏಜೆಂಟ ಶಂಭುಲಿಂಗ. ಇಡೀ ಓಣಿಯಲ್ಲಿ ದಿಲ್ಲಿಯನ್ನು ಕಣ್ಣಾರೆ ಕಂಡ ಏಕೈಕ ವೀರನೆಂಬ ಬಿರುದನ್ನು ಮೀಸೆಯಲ್ಲೇ ಧರಿಸಿದ್ದ ಅವನು ಕಟ್ಟೆಯ ಮೇಲೆ ಕಾಲಿಟ್ಟು ಗರ್ಜಿಸಿದನು:

"ನಾ ದಿಲ್ಲಿ ಕಂಡಾಂವ! ಬರಿಗಾಲಿಲೇ ಕೆಂಪುಕೋಟಿ ಸುತ್ತಿದಾಂವ! ಅಲ್ಲಿ ಕಲತ ಹುಡುಗಿ ಮುಂದ ಹುಬ್ಬಳ್ಳಿ ಮಂದಿ ಎದ್ದ ನಿಂತು ಕುರ್ಚಿ ಕೊಡ್ತಾರ. ಧಾರವಾಡದಾಗ ಏನೈತಿ? ಪೇಢೆ ಐತಿ!"

"ಪೇಢೆ ಐತಿ ಅಂತ ವಾರಕ್ಕೊಮ್ಮೆ ಡಬ್ಬಿಗಟ್ಟಲೆ ನುಂಗಾಂವ ನೀನ ಅಲ್ಲೇನಲೇ?" ಎಂದಳು ಅವರ ತಾಯಿ ಪಾರವ್ವ, ಊರುಗೋಲನ್ನು ಗದೆಯಂತೆ ಎತ್ತುತ್ತ. "ಬರಿಗಾಲಿಲೇ ಯಾಕ ಸುತ್ತಿದಿ, ಅದನ್ನೂ ಹೇಳು. ದಿಲ್ಲ್ಯಾಗ ಚಪ್ಲಿ ಕಳಕೊಂಡು ಬಂದಾಂವ! ಕೂಸು ಧಾರವಾಡಕ್ಕ ಹೋಗ್ತದ, ರೊಟ್ಟಿ ಉಂಡು ಓದ್ತದ!"

ಆಗ ಅಡುಗೆಮನೆಯೆಂಬ ವ್ಯೂಹದಿಂದ, ಸೆರಗು ಸೊಂಟಕ್ಕೆ ಸಿಗಿಸಿ, ಒಗ್ಗರಣೆ-ಧೂಮ-ಪರಿವೃತೆಯಾಗಿ, ಅಂದಾನೆಪ್ಪನ ಧರ್ಮಪತ್ನಿ ಕಸ್ತೂರಿ ಹೊರಹೊಮ್ಮಿದಳು. ಅವಳ ತಂಗಿ ಪುಣೆಯಲ್ಲಿದ್ದಳು.

"ಪುಣೆದಾಗ ನನ್ನ ತಂಗಿ ಅದಾಳ. ಹುಡುಗಿಗೆ ಜ್ವರ ಬಂದ್ರ ದಿಲ್ಲ್ಯಾಗ ಯಾರು, ಆ ಕೆಂಪುಕೋಟಿ ಬಂದು ಕಾಫಿ ಕಾಸಿ ಕೊಡ್ತದೇನು? ರೀ, ನೀವರ ಹೇಳ್ರಿ!"

ಅಂದಾನೆಪ್ಪ ಲೋಟ ತೋರಿಸಿದನು.

"ನೋಡ್ರಿ ಇವರ ಅವತಾರ! ಮಗಳ ಬಾಳೇವದ ಪ್ರಶ್ನೆ, ಇವರಿಗೆ ನೀರು ಬೇಕಂತ!"

ಮಾತಿನಿಂದ ಯಾವ ಪಕ್ಷವೂ ಹಿಮ್ಮೆಟ್ಟದಿರಲು, ಪಾರವ್ವ ಕುಲಪರಂಪರೆಯ ಪರಮಾಸ್ತ್ರವನ್ನು ತೆಗೆದಳು: ಹೂಪ್ರಸಾದ. ಮನೆಯಲ್ಲಿ ತೊಟ್ಟಿಲು ಕಟ್ಟುವುದರಿಂದ ಹಿಡಿದು ಬೋರ್‌ವೆಲ್ ಕೊರೆಸುವ ತನಕ ಎಲ್ಲವೂ ದೇವರ ಜಗುಲಿಯ ಹಿತ್ತಾಳೆ ವೀರಭದ್ರನ ನೆತ್ತಿಗೆ ಒದ್ದೆ ಹೂವೊಂದನ್ನು ಅಂಟಿಸಿ, ಅದು ಯಾವ ಭುಜದ ಕಡೆ ಬಿದ್ದೀತೆಂದು ಕಾದು ತೀರ್ಮಾನವಾದದ್ದೇ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ದೇವರಿಗೆ ಭುಜಗಳು ಎರಡು, ವಿಶ್ವವಿದ್ಯಾಲಯಗಳು ಮೂರು ಎಂಬ ಲೆಕ್ಕ ಮಾತ್ರ ಆ ಸಂಖ್ಯಾಶಾಸ್ತ್ರಿಣಿಯ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಹೂವು ನೆತ್ತಿಗೇರುವ ತನಕ.

"ಬಲಕ್ಕ ಬಿದ್ರ ಧಾರವಾಡ, ಎಡಕ್ಕ ಬಿದ್ರ ಪುಣೆ" ಎಂದಳು ಪಾರವ್ವ.

"ಮತ್ತ ದಿಲ್ಲಿ?" ಎಂದು ಶಂಭುಲಿಂಗ ಹೌಹಾರಿದನು.

"ಅಲ್ಲೇ ನೆತ್ತಿ ಮ್ಯಾಲೆ ಕುಂತ್ರ ದಿಲ್ಲಿ ಅಂತ ತಿಳಕೋ, ಹೋಗು."

ಹೀಗೆ ಬಾಯಿತಪ್ಪಿ ಕೊಟ್ಟ ವರದ ಭೀಕರತೆ ಮುದುಕಿಗೆ ಅರಿವಾಗುವಷ್ಟರಲ್ಲಿ ಶಂಭುಲಿಂಗ ಕಿಟಕಿಗಳನ್ನು ಪಟಪಟನೆ ಮುಚ್ಚಿ, ಗಾಳಿಯ ಸುಳಿವೇ ಇಲ್ಲದಂತೆ ದಿಗ್ಬಂಧನ ವಿಧಿಸಿದ್ದನು. ಕಸ್ತೂರಿ ಸುಮ್ಮನಿರುವಳೇ? "ಅಯ್ಯ, ಎಷ್ಟ ಸೆಕಿ!" ಎನ್ನುತ್ತ ಮಂತ್ರೋಚ್ಚಾರಪೂರ್ವಕವಾಗಿ ಸ್ವಿಚ್ಚೊತ್ತಿ ಸೀಲಿಂಗ್ ಫ್ಯಾನೆಂಬ ವಾಯವ್ಯಾಸ್ತ್ರವನ್ನು ಪ್ರಯೋಗಿಸಿದಳು. ಹೂವು ನಡುಗಿತು, ಎಡಕ್ಕೆ ವಾಲಿತು. ಒಡನೆಯೇ ಪಾರವ್ವ ತೀರ್ಥದ ತಂಬಿಗೆಯಿಂದ ವರುಣಾಸ್ತ್ರ ಚಿಮುಕಿಸಲು, ತೊಯ್ದ ಹೂವು ಹಿಂದೆಂದಿಗಿಂತ ಬಿಗಿಯಾಗಿ ನೆತ್ತಿಗೇ ಕಚ್ಚಿಕೊಂಡಿತು. ಆ ಕ್ಷಣವೇ, ಮೂವರ ಪಕ್ಷಪಾತವನ್ನೂ ಸಹಿಸಲಾರದ ಆಕಾಶದೇವತೆಗಳ ಪರವಾಗಿ, ಕರೆಂಟು ಹೋಯಿತು.

ಕತ್ತಲು ಕವಿದ ಜಗುಲಿಯೆದುರು ಮೂವರೂ ಕಣ್ಣು ಕೀಲಿಸಿ ಕುಳಿತರು. ಅಂದಾನೆಪ್ಪ ಮಾತ್ರ ಪಡಸಾಲೆಯ ಮೂಲೆಯಲ್ಲಿ ಅಡಕೆ ಅಗಿಯುತ್ತ ಗಡಿಯಾರವನ್ನು ನೋಡುತ್ತಿದ್ದ. ಆರಾಗಲು ಇನ್ನು ಸ್ವಲ್ಪವೇ ಹೊತ್ತು.

ಆಗ ಅವನ ಅಂಗಿಯ ಜೇಬು ಗುಂಯ್‌ಗುಟ್ಟಿತು.

ಅವನು ಫೋನು ತೆಗೆದನು. ದಿಲ್ಲಿಯಿಂದ ಬಂದ ಸಂದೇಶ. ಮುಕ್ತಾಳ ಪ್ರವೇಶವನ್ನು ಖಚಿತಪಡಿಸಲು ಆರು ಅಂಕಿಯ ಒಂದು ಗುಪ್ತಸಂಖ್ಯೆ, ಓಟಿಪಿ. ಅರ್ಜಿ ಹಾಕುವಾಗ, ಎಲ್ಲ ಮನೆಗಳಲ್ಲಿ ನಡೆಯುವಂತೆ, ಅಪ್ಪನ ನಂಬರನ್ನೇ ಕೊಟ್ಟಿದ್ದರು.

ದಿಲ್ಲಿ! ಮೂರರಲ್ಲಿ ಅತಿದೂರದ್ದು! ಅವನ ಎದೆಯ ಧಾರವಾಡದ ಬಸ್ಸು ಅಲ್ಲೇ ಪಂಕ್ಚರಾಗಿ ನಿಂತಿತು.

ಮೆಟ್ಟಿಲಿನ ಮೇಲೆ ಮಗಳ ಹೆಜ್ಜೆ ಕೇಳಿತು. ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಬಂದು ಎದುರು ಕೂತಳು.

"ಅಪ್ಪಾ, ಓಟಿಪಿ ಬಂತೇನು? ಲಗೂ ಹೇಳು. ಹತ್ತ ನಿಮಿಷ ಅಷ್ಟ ಇರ್ತದ."

ಎಲೈ ಕೇಳುಗರೇ, ಮೂರು ಲೋಕಗಳೂ ಉಸಿರು ಹಿಡಿದ ಗಳಿಗೆಯಿದು. ಈಗ ಅವನು ಏನನ್ನೂ ಮಾಡಬೇಕಾಗಿರಲಿಲ್ಲ. ಬೆಳಗಿನಿಂದ ಮಾಡಿದ್ದನ್ನೇ ಮುಂದುವರಿಸಿದರೆ ಸಾಕಿತ್ತು. ತುಟಿಗೆ ಬೆರಳಿಟ್ಟು, ವ್ರತ ಎಂಬಂತೆ ಗಡಿಯಾರ ತೋರಿಸಿದ್ದರೆ ಆರು ಹೊಡೆಯುತ್ತಿತ್ತು, ದಿಲ್ಲಿ ಜಾರುತ್ತಿತ್ತು, ಧಾರವಾಡ ತಾನಾಗಿಯೇ ಉಳಿಯುತ್ತಿತ್ತು. ಪಾಪವೂ ಅಂಟುತ್ತಿರಲಿಲ್ಲ. ಅವಳೇ ಬೇಡಿದ ವರ!

"ಅಪ್ಪಾ… ಸಿಟ್ಟಾದೇನು?" ಮಗಳ ದನಿ ಸಣ್ಣಗಾಯಿತು. "ದಿಲ್ಲ್ಯಾಗ ಕಲಿಸೋದನ್ನ ಬ್ಯಾರೆಲ್ಲೂ ಕಲಿಸಂಗಿಲ್ಲಪ್ಪಾ. ಮೂರೂ ಕೂಡಿಸಿ ಕಳದು ನೋಡೇನಿ. ನನಗೂ ಅಂಜಿಕಿ ಬರ್ತದ. ಖರೆ, ಹೋಗ್ಬೇಕನಸ್ತದ."

ಅಂದಾನೆಪ್ಪ ಅವಳ ಮುಖ ನೋಡಿದ. ಅಡಕೆಯನ್ನು ನುಂಗಿದ. ಕೆಮ್ಮಿದ. ದಿನವಿಡೀ ಬೀಗ ಹಾಕಿದ್ದ ಗಂಟಲಿನ ಮಹಾದ್ವಾರವು ಕಿರ್ರೆಂದು ತೆರೆಯಲು, ಸಿಂಹನಾದವೊಂದು ಹೊರಟು ಪಡಸಾಲೆಯ ತೊಲೆಗಳನ್ನು ನಡುಗಿಸಿತು:

"ಏಳು!"

ಜಗುಲಿಯ ಮುಂದಿದ್ದ ಮೂವರೂ ದೇವರೇ ನುಡಿದನೆಂದು ಬೆಚ್ಚಿ ಎದ್ದು ನಿಂತರು.

"ಏಳು… ಸೊನ್ನಿ… ನಾಕು… ನಾಕು… ಎಂಟು…"

"ಎಂಟೋ ಮೂರೋ, ಸರಿ ನೋಡಪ್ಪಾ! ನಿನ್ನ ಚಾಳೀಸ ಎಲ್ಲೈತಿ?"

"ತಡಿಯವಾ, ಕಣ್ಣಾಗ ಏನೋ ಬಿದ್ದೈತಿ… ಮೂರು. ಮೂರನ. ಕಡೀಕ ಒಂಬತ್ತು."

ಮುಕ್ತಾ ಬೆರಳಾಡಿಸಿದಳು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ಅವಳು ತಂದೆಯ ಭುಜಕ್ಕೆ ತಲೆಯಿಟ್ಟು ಒಂದು ಕ್ಷಣ ಹಾಗೇ ಕೂತಳು. ಒಳಗಿನಿಂದ ಶಂಭುಲಿಂಗನು, "ಹೂವ ನೆತ್ತಿ ಮ್ಯಾಲೆ ಐತಿ! ಗೆದ್ದೆ!" ಎಂದು ಕುಣಿದ. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು, ದಿಲ್ಲಿಗೆ ಎಷ್ಟು ಸೇರು ಶೇಂಗಾ ಚಟ್ನಿ ಹಿಡಿದೀತೆಂದು ಅಲ್ಲೇ ಲೆಕ್ಕ ಹಾಕತೊಡಗಿದಳು.

"ಅಲ್ಲಪ್ಪಾ," ಎಂದಳು ಮಗಳು, ತಲೆಯೆತ್ತಿ. "ಮುಂಜಾನಿಂದ ಯಾಕ ಮೂಕ ಆಗಿದ್ದಿ? ಸೀಟಿನ ಸುದ್ದಿ ಅನಬ್ಯಾಡ ಅಂದಿದ್ದೆ ಅಷ್ಟ. ಮತ್ತ ಇಷ್ಟ ಒದರೋದರ ಯಾಕ ಬೇಕಿತ್ತು? ಫೋನ್ ಹಿಂಗ ನನ್ನ ಕಡೆ ತಿರುವಿದ್ರ ನಾನ ನೋಡ್ಕೊಂತಿದ್ದೆ."

ಕೊಪ್ಪರಿಗೆಕುಲದೀಪಕನು ಜೇಬಿನಿಂದ ಚಾಳೀಸು ತೆಗೆದು ಮೂಗಿಗೇರಿಸಿ, ತನ್ನ ಬಾಳಿನ ಆ ಮಹಾವಾಕ್ಯವನ್ನು ಇನ್ನೊಮ್ಮೆ ಓದತೊಡಗಿದನು. ಆರು ಅಂಕಿಗಳ ಕೆಳಗೆ ಸಣ್ಣಕ್ಷರದ ಸಾಲೊಂದಿತ್ತು: ಈ ಸಂಖ್ಯೆಯನ್ನು ಯಾವ ಕಾರಣಕ್ಕೂ ಯಾರಿಗೂ ಹೇಳಬೇಡಿ.

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಕೂಗು ಕೇಳಿತು:

"ಅಂದಾನೆಪ್ಪಣ್ಣಾ, ಏಳು ಸೊನ್ನಿ ನಾಕು ನಾಕು ಬರಕೊಂಡೇನಿ. ಮುಂದಿಂದು ಎಂಟೋ ಮೂರೋ?"